ಸೂಳೆಕೆರೆ ಅನ್ನೋಕೆ ಯಾಕೆ ನಾಚಿಕೆ?

ಚನ್ನಗಿರಿ ಕಡೆಯವರನ್ನು ಬೆಂಗಳೂರಲ್ಲಿ "ನಿಮ್ಮೂರ ಹತ್ರ ನೋಡೋಕೆ ಏನಿದೆ?" ಅಂತ ಕೇಳಿ. ಅರೆಕ್ಷಣ ತಡವರಿಸಿ "ಶಾಂತಿಸಾಗರ" ಅಂತಾರೆ. ಊರಲ್ಲಿ ಮಾತ್ರ ಅದೇ ಬಾಯಿಗೆ ಅದು ಸೂಳೆಕೆರೆ.

ನಮ್ಮ ಕಡೆ ಹೆಸರುಗಳಲ್ಲಿ ಹೆಂಗಸರ ನೆನಪು ಗಟ್ಟಿಯಾಗಿದೆ. ಚನ್ನಗಿರಿಯ ಹೆಸರು ಕೆಳದಿಯ ಚೆನ್ನಮ್ಮನದು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ರಾಣಿ ಅವಳು. ಅದನ್ನು ಹೇಳೋಕೆ ಯಾರಿಗೂ ನಾಚಿಕೆಯಿಲ್ಲ. ತೊಂದರೆ ಇರೋದು ಕೆರೆಯದು.

ಕೆರೆ 11-12ನೇ ಶತಮಾನದ್ದು ಎನ್ನುತ್ತಾರೆ. ಗುಡ್ಡಗಳ ನಡುವಿನ ಸಂದಿಗೆ ಏರಿ ಹಾಕಿ ಹರಿದ್ರಾ ನೀರನ್ನು ತಡೆದದ್ದು. ಆ ಹರಿದ್ರಾ ಮುಂದೆ ಹರಿಹರದ ಹತ್ತಿರ ತುಂಗಭದ್ರೆಗೆ ಸೇರುತ್ತೆ. ಇಷ್ಟು ಶತಮಾನದ ಮಳೆಗಾಲ ಕಂಡರೂ ಏರಿ ನಿಂತಿದೆ. ಚಿತ್ರದುರ್ಗಕ್ಕೂ ಇಲ್ಲಿಂದ ಕುಡಿಯುವ ನೀರು ಹೋಗುತ್ತೆ.

ಕಟ್ಟಿಸಿದ್ದು ರಾಜನ ಮಗಳು ಶಾಂತವ್ವ ಅಂತ ಜನ ಹೇಳುವ ಕಥೆ. ಕೆರೆಗೆ ಬೇಕಾದ ಜಾಗ ಸೂಳೆಯರದು. ಅವರು ಬಿಟ್ಟುಕೊಟ್ಟರು, ಆದರೆ ಒಂದು ಷರತ್ತು: ಕೆರೆಗೆ ನಮ್ಮ ಹೆಸರೇ ಇರಬೇಕು. ನಮ್ಮ ಕೆಲಸದಲ್ಲಿ ಕೆಲವು ಓಪನ್ ಸೋರ್ಸ್ ಕೋಡ್ ಪುಕ್ಕಟೆ ಬಳಸಬಹುದು, ಬರೆದವರ ಹೆಸರು ಮಾತ್ರ ಅಳಿಸೋ ಹಾಗಿಲ್ಲ. ಆ ಹೆಂಗಸರು ಹಾಕಿದ್ದೂ ಅದೇ ಲೈಸೆನ್ಸ್.

ಶಾಂತಿಸಾಗರ ಸುಳ್ಳು ಹೆಸರೇನಲ್ಲ, ಶಾಂತವ್ವ ಅದರಲ್ಲಿದ್ದಾಳೆ. ಆದರೆ ರಾಜಕುಮಾರಿಯನ್ನು ಉಳಿಸಿಕೊಂಡು ಜಾಗ ಕೊಟ್ಟವರನ್ನು ಕೈಬಿಟ್ಟ ಹೆಸರು ಅದು. ಕಥೆ ಎಷ್ಟು ನಿಜವೋ, ಊರಿನವರು ತಲೆಮಾರುಗಳಿಂದ ಆ ಷರತ್ತನ್ನು ಪಾಲಿಸಿಕೊಂಡು ಬಂದದ್ದಂತೂ ನಿಜ. ಮುರಿದದ್ದು ಓದಿದವರು. ಈಗಿನ ಕಿವಿಗೆ ಅದು ಬೈಗುಳ. ಆ ಹೆಂಗಸರು ಅದನ್ನೇ ಬೆಲೆಯಾಗಿ ಕೇಳಿ ಪಡೆದಿದ್ದರು.

ಪಕ್ಕದ ತಾಲ್ಲೂಕುಗಳಿಗೆ ಇಂಥ ಪೇಚಿಲ್ಲ. ಹೊನ್ನಾಳಿ ಅಂದರೆ ಹೊನ್ನು ನೆನಪಾಗುತ್ತೆ. ಕುದುರೆಕೊಂಡದ ಕಡೆ ಬ್ರಿಟಿಷರ ಕಾಲದಲ್ಲಿ ಚಿನ್ನಕ್ಕೆ ಗಣಿ ತೋಡಿದ್ದೂ ಉಂಟು. ಜಗಳೂರಿನವರು ಆಫೀಸಿನಲ್ಲಿ ಜಗಳದ ಜೋಕು ಕೇಳಿಸಿಕೊಂಡು ಸುಮ್ಮನಿರ್ತಾರೆ, ಅಲ್ಲಿನ ರಂಗಯ್ಯನದುರ್ಗದ ಕಾಡಿನ ಕೊಂಡುಕುರಿ ಬಗ್ಗೆ ಯಾರೂ ಕೇಳಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ನನಗೆ ಇಷ್ಟ. ಸಂತ ಸೇವಾಲಾಲರು ಹುಟ್ಟಿದ ಜಾಗ ಅಂತ ನಂಬುವ ಬಂಜಾರರಿಗೆ ಅದು ಭಾಯಾಗಡ್. ಒಂದು ನೆಲ, ಎರಡು ಹೆಸರು. ಒಂದನ್ನು ಇಟ್ಟುಕೊಳ್ಳೋಕೆ ಇನ್ನೊಂದನ್ನು ಯಾರೂ ಅಳಿಸಿಲ್ಲ.

ಸೂಳೆಕೆರೆಯ ಬೋರ್ಡಿನಲ್ಲೂ ಎರಡು ಸಾಲಿಗೆ ಜಾಗ ಆಗುತ್ತೆ.