ಅಂತರಜಾಲದಲ್ಲಿ ಕನ್ನಡ ಮಾಹಿತಿಯ ಶೋಧ

ಅಂತರಜಾಲದಲ್ಲಿ ಕನ್ನಡ ಮಾಹಿತಿಯ ಶೋಧ ಎಂದರೆ ಗೂಗಲ್, ಬಿಂಗ್, ಡಕ್‌ಡಕ್‌ಗೋ ಮೊದಲಾದ ಸರ್ಚ್ ಎಂಜಿನ್‌ಗಳ ನೆರವಿನಿಂದ ಕನ್ನಡದಲ್ಲಿರುವ ಅಥವಾ ಕನ್ನಡ ನಾಡುನುಡಿಗೆ ಸಂಬಂಧಿಸಿದ ಪುಟ, ಕಡತ ಹಾಗೂ ಪುಸ್ತಕಗಳನ್ನು ಪತ್ತೆಹಚ್ಚುವ ಕ್ರಮ. ಸರ್ಚ್ ಎಂಜಿನ್‌ಅನ್ನು ಕನ್ನಡದಲ್ಲಿ ಶೋಧಯಂತ್ರ ಎಂದೂ ಕರೆಯುತ್ತಾರೆ. ಶೋಧಯಂತ್ರವು ಬಹುಮಟ್ಟಿಗೆ ಪದದ ಲಿಖಿತ ರೂಪವನ್ನು ಅವಲಂಬಿಸುತ್ತದೆ. ಕನ್ನಡದಲ್ಲಿ ಒಂದೇ ಪದವನ್ನು ಹಲವು ಬಗೆಯಲ್ಲಿ ಬರೆಯುವ ರೂಢಿ ಇರುವುದರಿಂದ ಲಭ್ಯವಿರುವ ಮಾಹಿತಿಯೂ ಕೆಲವೊಮ್ಮೆ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಫಲಿತಾಂಶ ದೊರೆಯಲಿಲ್ಲ ಎಂದಮಾತ್ರಕ್ಕೆ ಮಾಹಿತಿಯೇ ಇಲ್ಲವೆಂದು ತೀರ್ಮಾನಿಸಲಾಗದು.

ಹಿನ್ನೆಲೆ

1990ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಅಲನ್ ಎಮ್ಟೇಜ್ ರೂಪಿಸಿದ 'ಆರ್ಚಿ'ಯನ್ನು ಮೊದಲ ಶೋಧಯಂತ್ರವೆಂದು ಪರಿಗಣಿಸಲಾಗುತ್ತದೆ. ಅದು ಕಡತಗಳ ಹೆಸರನ್ನು ಮಾತ್ರ ಹುಡುಕುತ್ತಿತ್ತು. 1995ರಲ್ಲಿ ಬಂದ ಆಲ್ಟಾವಿಸ್ಟಾ ಪುಟಗಳ ಒಳಗಿನ ಪಠ್ಯವನ್ನೂ ಹುಡುಕಿಕೊಡುತ್ತಿತ್ತು. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಸ್ಥಾಪಿಸಿದ ಗೂಗಲ್, ಒಂದು ಪುಟಕ್ಕೆ ಬೇರೆ ಪುಟಗಳಿಂದ ಎಷ್ಟು ಮತ್ತು ಎಂತಹ ಕೊಂಡಿಗಳಿವೆ ಎಂಬುದನ್ನು ಆಧರಿಸಿ ಅದರ ಸ್ಥಾನವನ್ನು ನಿರ್ಧರಿಸುವ ವಿಧಾನವನ್ನು ಬಳಕೆಗೆ ತಂದಿತು.

ಕಾರ್ಯವಿಧಾನ

ಶೋಧಯಂತ್ರವು ನಾವು ಪ್ರಶ್ನೆ ಕೇಳಿದ ಕ್ಷಣದಲ್ಲಿ ಅಂತರಜಾಲವನ್ನೆಲ್ಲ ಜಾಲಾಡುವುದಿಲ್ಲ. ಅದರ ತಂತ್ರಾಂಶವು ಮೊದಲೇ ಕೊಂಡಿಯಿಂದ ಕೊಂಡಿಗೆ ಸಾಗಿ ಪುಟಗಳನ್ನು ಓದಿ, ಯಾವ ಪದ ಯಾವ ಪುಟದಲ್ಲಿದೆ ಎಂಬ ಸೂಚಿಯನ್ನು ಸಿದ್ಧಪಡಿಸಿರುತ್ತದೆ. ಗ್ರಂಥದ ಕೊನೆಯಲ್ಲಿರುವ ಪದಸೂಚಿಗೆ ಇದನ್ನು ಹೋಲಿಸಬಹುದು. ಸೂಚಿಗೆ ಸೇರದ ಪುಟ ಫಲಿತಾಂಶದಲ್ಲಿ ಕಾಣಿಸದು.

ಪದಗಳ ಆಯ್ಕೆ

ದೀರ್ಘ ಪ್ರಶ್ನೆಗಿಂತ ವಿಷಯವನ್ನು ಖಚಿತಪಡಿಸುವ ಮೂರು ನಾಲ್ಕು ಪದಗಳು ಹೆಚ್ಚು ಉಪಯುಕ್ತ. 'ಪಂಪ' ಎಂದಷ್ಟೇ ಕೊಟ್ಟರೆ ಕವಿಯ ಜೊತೆಗೆ ಪಂಪಾ ಸರೋವರವೂ ಬರಬಹುದು. 'ಪಂಪ ವಿಕ್ರಮಾರ್ಜುನ ವಿಜಯ' ಎಂದರೆ ಶೋಧ ಕಾವ್ಯದತ್ತ ತಿರುಗುತ್ತದೆ. ಶೋಧವನ್ನು ಇನ್ನಷ್ಟು ಬಿಗಿಗೊಳಿಸಲು ಕೆಲವು ಸಂಕೇತಗಳಿವೆ:

• ಉದ್ಧರಣ ಚಿಹ್ನೆ: ಪದಗುಚ್ಛವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಕೊಟ್ಟರೆ ಅದೇ ಕ್ರಮದಲ್ಲಿ ಆ ಪದಗಳಿರುವ ಪುಟಗಳಿಗೆ ಆದ್ಯತೆ ದೊರೆಯುತ್ತದೆ.
• ಕಳೆಯುವ ಚಿಹ್ನೆ: ಬೇಡವಾದ ಪದದ ಹಿಂದೆ ತೆರಪು ಬಿಡದೆ ಈ ಚಿಹ್ನೆಯನ್ನು ಹಾಕಬೇಕು. ಉದಾಹರಣೆಗೆ: ಪಂಪ -ಸರೋವರ.
• ಸೈಟ್: ಈ ಪದವನ್ನು ಇಂಗ್ಲಿಷಿನಲ್ಲಿ ಬರೆದು, ವಿವರಣ ಚಿಹ್ನೆ ಹಾಕಿ, ತೆರಪಿಲ್ಲದೆ ಜಾಲತಾಣದ ವಿಳಾಸವನ್ನು ಕೊಟ್ಟರೆ ಆ ತಾಣದೊಳಗೆ ಮಾತ್ರ ಶೋಧ ನಡೆಯುತ್ತದೆ.
• ಫೈಲ್‌ಟೈಪ್: ಇದೇ ರೀತಿ ಬಳಸಿ ಪಿಡಿಎಫ್‌ನಂತಹ ನಿರ್ದಿಷ್ಟ ಬಗೆಯ ಕಡತಗಳನ್ನು ಮಾತ್ರ ಪಡೆಯಬಹುದು.

ಕನ್ನಡ ಶೋಧದ ತೊಡಕುಗಳು

ಪರ್ಯಾಯ ರೂಪಗಳು: ವಿಶ್ವವಿದ್ಯಾಲಯ, ವಿಶ್ವವಿದ್ಯಾನಿಲಯ; ಅಂತರಜಾಲ, ಅಂತರ್ಜಾಲ, ಇಂಟರ್ನೆಟ್ ಎಲ್ಲವೂ ಬಳಕೆಯಲ್ಲಿವೆ. 'ಸಾಫ್ಟ್‌ವೇರ್' ಮತ್ತು 'ಸಾಫ್ಟ್ವೇರ್' ರೂಪಗಳ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತಾಕ್ಷರದ ವ್ಯತ್ಯಾಸವಿದೆ. ವಿಭಕ್ತಿ ಪ್ರತ್ಯಯಗಳಿಂದಲೂ ಪದದ ರೂಪ ಬದಲಾಗುತ್ತದೆ. ಉದ್ಧರಣ ಚಿಹ್ನೆಯೊಳಗೆ 'ಹಲ್ಮಿಡಿ ಶಾಸನ' ಎಂದು ಹುಡುಕಿದರೆ 'ಹಲ್ಮಿಡಿಯ ಶಾಸನ' ಎಂದಿರುವ ಪುಟ ತಪ್ಪಿಹೋಗಬಹುದು.

ವ್ಯಕ್ತಿನಾಮಗಳು: ಕುವೆಂಪು ಅವರ ಬಗೆಗಿನ ಬರಹಗಳಲ್ಲಿ 'ಕೆ.ವಿ. ಪುಟ್ಟಪ್ಪ' ಎಂದೂ, ಬೇಂದ್ರೆಯವರ ಬಗೆಗಿನ ಬರಹಗಳಲ್ಲಿ 'ಅಂಬಿಕಾತನಯದತ್ತ' ಎಂದೂ ಇರಬಹುದು. ಎರಡೂ ಹೆಸರುಗಳಿಂದ ಹುಡುಕುವುದು ಲೇಸು.

ಸ್ಥಳನಾಮಗಳು: ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಅದಕ್ಕೂ ಹಿಂದಿನ ದಾಖಲೆಗಳನ್ನು 'ಮೈಸೂರು ರಾಜ್ಯ' ಎಂದು ಹುಡುಕಬೇಕು. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಗಿ, ಬಿಜಾಪುರ ವಿಜಯಪುರವಾಗಿ ಅಧಿಕೃತವಾಗಿ ಬದಲಾದವು. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿಯೂ ವಿಜಯಪುರವೆಂಬ ಊರಿರುವುದರಿಂದ 'ಗೋಲಗುಮ್ಮಟ'ದಂತಹ ಗುರುತಿನ ಪದವನ್ನು ಜೊತೆಗೆ ಸೇರಿಸುವುದು ಒಳ್ಳೆಯದು.

ಹಳೆಯ ಅಕ್ಷರಶೈಲಿಗಳು: ಯುನಿಕೋಡ್ ವ್ಯಾಪಕವಾಗುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಅನೇಕ ಕಡತಗಳು ಇಂದಿಗೂ ಅಂತರಜಾಲದಲ್ಲಿವೆ. ಅವು ಓದುಗರಿಗೆ ಕನ್ನಡವಾಗಿ ಕಂಡರೂ ಗಣಕಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲುಗಳಾಗಿರುತ್ತವೆ. ಆದ್ದರಿಂದ ಯುನಿಕೋಡ್‌ನಲ್ಲಿ ಕನ್ನಡ ಪದ ಕೊಟ್ಟು ಹುಡುಕಿದರೆ ಅವು ಸಿಗುವುದು ಕಷ್ಟ.

ಸ್ಕ್ಯಾನ್ ಮಾಡಿದ ಪುಸ್ತಕಗಳು: ಇವುಗಳ ಪುಟಗಳು ಚಿತ್ರರೂಪದಲ್ಲಿರುತ್ತವೆ. ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸದ ಹೊರತು ಒಳಗಿನ ಪದಗಳನ್ನು ಹುಡುಕಲಾಗದು. ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಲವು ಹಳೆಯ ಕನ್ನಡ ಗ್ರಂಥಗಳ ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿಯೇ ದಾಖಲಿಸಲಾಗಿದೆ. ಅಲ್ಲಿ ಗ್ರಂಥದ ಮತ್ತು ಲೇಖಕರ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಎರಡು ಮೂರು ಬಗೆಯ ಕಾಗುಣಿತದಲ್ಲಿ ಪ್ರಯತ್ನಿಸಬೇಕಾಗುತ್ತದೆ.

ಫಲಿತಾಂಶಗಳ ಪರಿಶೀಲನೆ

ಮೊದಲ ಸಾಲಿನಲ್ಲಿ ಬಂದ ಪುಟವೇ ಅತ್ಯಂತ ವಿಶ್ವಾಸಾರ್ಹವಾಗಿರಬೇಕೆಂದಿಲ್ಲ. ಜಾಹೀರಾತುಗಳೂ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳುತ್ತವೆ. ಕೃತಕ ಬುದ್ಧಿಮತ್ತೆ ಸಿದ್ಧಪಡಿಸಿದ ಸಾರಾಂಶದಲ್ಲಿ ದೋಷಗಳಿರಬಹುದಾದ್ದರಿಂದ ಅದು ಉಲ್ಲೇಖಿಸಿದ ಮೂಲವನ್ನು ತೆರೆದು ಓದುವುದು ಅಗತ್ಯ. ಹತ್ತು ತಾಣಗಳಲ್ಲಿ ಒಂದೇ ವಾಕ್ಯವಿದ್ದರೆ ಅದು ಹತ್ತು ಸಾಕ್ಷ್ಯಗಳಾಗುವುದಿಲ್ಲ, ಒಂದರಿಂದ ಉಳಿದವು ನಕಲು ಮಾಡಿರಬಹುದು. ಅನುಮಾನ ಬಂದ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ, ಪ್ರಕಟಣೆಯ ದಿನಾಂಕಗಳನ್ನು ಹೋಲಿಸಿದರೆ ಮೂಲದ ಸುಳಿವು ದೊರೆಯಬಹುದು.

ಪರೀಕ್ಷಾ ವೇಳಾಪಟ್ಟಿ, ವಿದ್ಯಾರ್ಥಿವೇತನ, ಸರ್ಕಾರಿ ಯೋಜನೆಗಳಂತಹ ವಿಷಯಗಳಿಗೆ ಸಂಬಂಧಪಟ್ಟ ಇಲಾಖೆಯ ಅಧಿಕೃತ ತಾಣವನ್ನೇ ನೋಡಬೇಕು. ಬ್ಯಾಂಕುಗಳ ಸಹಾಯವಾಣಿ ಎಂದು ವಂಚಕರು ಸುಳ್ಳು ದೂರವಾಣಿ ಸಂಖ್ಯೆಗಳನ್ನು ಅಂತರಜಾಲದಲ್ಲಿ ಹರಿಯಬಿಡುವುದುಂಟು. ಅಂತಹ ಸಂಖ್ಯೆಯನ್ನು ಪಾಸ್‌ಬುಕ್ ಅಥವಾ ಬ್ಯಾಂಕಿನ ಸ್ವಂತ ಜಾಲತಾಣದಿಂದ ಪಡೆಯುವುದೇ ಸುರಕ್ಷಿತ.