ಕರಾವಳಿಯ ತಂಪಿಗೆ ಒಗ್ಗಿದ ಸ್ಟ್ರಾಬೆರಿ

ಇಂದು ತೋಟಗಳಲ್ಲಿ ಬೆಳೆಯುವ ಸ್ಟ್ರಾಬೆರಿಯು, 1714ರಲ್ಲಿ ಫ್ರೆಂಚ್ ಎಂಜಿನಿಯರ್ ಫ್ರೆಜಿಯೇ ಚಿಲಿಯಿಂದ ತಂದ ದಪ್ಪ ಹಣ್ಣಿನ ಜಾತಿಯೂ ಉತ್ತರ ಅಮೆರಿಕದ ವರ್ಜೀನಿಯಾ ಜಾತಿಯೂ ಯುರೋಪಿನ ತೋಟಗಳಲ್ಲಿ ಬೆರೆತು ಹುಟ್ಟಿದ ಸಂಕರ ಸಸ್ಯ. ಅದರ ಬಹುಪಾಲು ಹಳೆಯ ತಳಿಗಳು ಹಗಲು ಚಿಕ್ಕದಾಗಿರುವ ಕಾಲದಲ್ಲಿ ಮೊಗ್ಗು ಹಿಡಿಯುವಂಥವಾದ್ದರಿಂದ, ಪೆಸಿಫಿಕ್ ಸಾಗರದ ಮಂಜು ಬೇಸಿಗೆಯನ್ನೂ ತಂಪಾಗಿಡುವ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್, ಸಲಿನಾಸ್ ಸೀಮೆಯ ದೀರ್ಘ ಹಂಗಾಮು ರೈತರಿಗೆ ಪೂರ್ತಿಯಾಗಿ ದಕ್ಕುತ್ತಿರಲಿಲ್ಲ.

ಈ ಕೊರತೆಯನ್ನು ನೀಗಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಯ್ಸ್ ಬ್ರಿಂಗ್‌ಹರ್ಸ್ಟ್ ಮತ್ತು ವಿಕ್ಟರ್ ವೋತ್ ಹಿಡಿದ ದಾರಿ ಅಪಾರ ತಾಳ್ಮೆಯನ್ನು ಬೇಡುವಂಥದು. 1950ರ ದಶಕದಲ್ಲಿ ಯೂಟಾ ರಾಜ್ಯದ ವಾಸಾಚ್ ಪರ್ವತಗಳಿಂದ ಸಂಗ್ರಹಿಸಿದ ಕಾಡುಸ್ಟ್ರಾಬೆರಿಯಲ್ಲಿ ದಿನತಟಸ್ಥ ಗುಣ, ಎಂದರೆ ಹಗಲಿನ ಉದ್ದವನ್ನು ಅವಲಂಬಿಸದೆ ಹೂ ಬಿಡುವ ಶಕ್ತಿ, ಇತ್ತು. ಹಣ್ಣು ಮಾತ್ರ ತೀರ ಸಣ್ಣದು. ಆ ಒಂದು ಗುಣವನ್ನು ಕೈಬಿಡದೆ ಗಾತ್ರವನ್ನೂ ಗಟ್ಟಿತನವನ್ನೂ ಮರಳಿ ಪಡೆಯಲು, ಆಯ್ದ ಸಸಿಗಳನ್ನು ಪೀಳಿಗೆಯಿಂದ ಪೀಳಿಗೆಗೆ ಉತ್ತಮ ಬೇಸಾಯದ ತಳಿಗಳೊಂದಿಗೆ ಮತ್ತೆ ಕೂಡಿಸುವ ಮರುಸಂಕರಣವನ್ನು ಅವರು ಅನುಸರಿಸಿದರು. ಆಯ್ಕೆಯಾದ ಸಸಿಯನ್ನು ಬೀಜದಿಂದಲ್ಲ, ನೆಲದ ಮೇಲೆ ಹಬ್ಬುವ ಬಳ್ಳಿಗಳಿಂದ ವೃದ್ಧಿಸುವುದರಿಂದ, ಒಮ್ಮೆ ದೊರೆತ ಗುಣಸಂಯೋಗ ಚದುರದೆ ಉಳಿಯುತ್ತದೆ.

1979ರಲ್ಲಿ ಹೊರಬಂದ ಆಪ್ಟಸ್, ಬ್ರೈಟನ್, ಹೆಕರ್ ತಳಿಗಳು ಈ ಶ್ರಮದ ಮೊದಲ ಫಲಗಳು. ಅವು ಹೊಲಗಳನ್ನು ಬಹುಕಾಲ ಆಳದಿದ್ದರೂ ಅವುಗಳ ಐತಿಹಾಸಿಕ ಮಹತ್ವ ಕುಗ್ಗುವುದಿಲ್ಲ. ಮುಂದೆ ಬಂದ ಸೆಲ್ವಾ, ಆಲ್ಬಿಯನ್ ತಳಿಗಳು ಅದೇ ಗುಣವನ್ನು ಕರಾವಳಿಯ ವಾಣಿಜ್ಯ ಬೇಸಾಯದಲ್ಲಿ ನೆಲೆಗೊಳಿಸಿದವು.