ರಿಪೇರಿ ಮೇಜಿನಿಂದ ಬಂದ ಗಿಟಾರ್ ಆಂಪ್ಲಿಫೈಯರ್

ಯಂತ್ರಗಳ ಚರಿತ್ರೆಯಲ್ಲಿ ಅವನ್ನು ಕಂಡುಹಿಡಿದವರ ಹೆಸರು ಉಳಿಯುತ್ತದೆ. ಬಿಚ್ಚಿ ಸರಿಪಡಿಸಿದವರ ಹೆಸರು ಸಾಮಾನ್ಯವಾಗಿ ಮರೆಯಾಗುತ್ತದೆ. ವಾಲ್ವ್ ಗಿಟಾರ್ ಆಂಪ್ಲಿಫೈಯರಿನ ಕಥೆ ಇದಕ್ಕೆ ಅಪವಾದ.

1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಮೂರು ವಿದ್ಯುದ್ವಾರಗಳ ವಾಲ್ವನ್ನು ರೂಪಿಸಿದರು. ಕ್ಷೀಣವಾದ ಸಂಕೇತವನ್ನು ಬಲಪಡಿಸುವ ಈ ಗಾಜಿನ ಬುರುಡೆಯಿಂದ ರೇಡಿಯೋ ಮನೆಮನೆಗೆ ಬಂತು. ಅದರ ಹಿಂದೆಯೇ ರಿಪೇರಿ ಅಂಗಡಿಗಳೂ ಬಂದವು. 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ ಪಟ್ಟಣದಲ್ಲಿ ಲಿಯೋ ಫೆಂಡರ್ ತೆರೆದದ್ದು ಅಂಥದೊಂದು ಅಂಗಡಿ. ಕೆಟ್ಟುಹೋದ ಉಪಕರಣಗಳನ್ನು ಬಿಚ್ಚಿ ಬಿಚ್ಚಿ, ಅವು ಎಲ್ಲಿ ಸೋಲುತ್ತವೆಂಬುದನ್ನು ಅವರು ಕಲಿತರು. ಮುಂದೆ ತಾವೇ ತಯಾರಿಸಿದ ಆಂಪ್ಲಿಫೈಯರುಗಳಲ್ಲಿ ಬಿಡಿಭಾಗಗಳನ್ನು ಒಂದು ಹಲಗೆಯ ಮೇಲೆ ಸಾಲಾಗಿ ಜೋಡಿಸಿದರು. ಪ್ರತಿ ಬೆಸುಗೆಯೂ ಕಣ್ಣಿಗೆ ಕಾಣುತ್ತಿತ್ತು. ಕೆಟ್ಟ ಭಾಗವೊಂದನ್ನೇ ತೆಗೆದು ಬದಲಿಸಬಹುದಿತ್ತು.

1952ರಲ್ಲಿ ಬಂದ ಫೆಂಡರ್ 'ಬೇಸ್‌ಮನ್' ಇಂಗ್ಲೆಂಡಿನಲ್ಲೂ ಹೆಸರಾಯಿತು. ಆದರೆ ಆಮದು ಮಾಲು ಅಲ್ಲಿ ಬಲು ದುಬಾರಿ. ಲಂಡನ್ನಿನ ವಾದ್ಯದಂಗಡಿಯ ಒಡೆಯ ಜಿಮ್ ಮಾರ್ಷಲ್ ಮತ್ತು ಅವರ ರಿಪೇರಿ ತಂತ್ರಜ್ಞ ಕೆನ್ ಬ್ರಾನ್, ಬೇಸ್‌ಮನ್ ಮಂಡಲವನ್ನೇ ಮಾದರಿಯಾಗಿಟ್ಟುಕೊಂಡು 1962ರ ಹೊತ್ತಿಗೆ 'ಜೆಟಿಎಂ 45' ಆಂಪ್ಲಿಫೈಯರನ್ನು ಸಿದ್ಧಪಡಿಸಿದರು. ಇಲ್ಲಿಯೂ ರಿಪೇರಿಯ ಕೈಯೇ ಕೆಲಸ ಮಾಡಿತ್ತು.

1947ರಲ್ಲಿ ಟ್ರಾನ್ಸಿಸ್ಟರ್ ಬಂದು, ಮುಂದಿನ ದಶಕಗಳಲ್ಲಿ ರೇಡಿಯೋಗಳಿಂದ ವಾಲ್ವು ಮರೆಯಾಯಿತು. ಗಿಟಾರ್ ವಾದಕರು ಮಾತ್ರ ಅದನ್ನು ಬಿಡಲಿಲ್ಲ. ಜೋರಾಗಿ ನುಡಿಸಿದಾಗ ವಾಲ್ವು ನಾದವನ್ನು ಮೆಲ್ಲನೆ ಒಡೆಯುವ ಬಗೆ ಅವರಿಗೆ ಹಿಡಿಸಿತ್ತು. ಹೀಗಾಗಿ ಹಳೆಯ ಆಂಪ್ಲಿಫೈಯರುಗಳು ಇಂದಿಗೂ ರಿಪೇರಿಗೆ ಬರುತ್ತಲೇ ಇವೆ.

ಅವುಗಳ ದೋಷಗಳನ್ನು ಕ್ರಮವಾಗಿ ಹುಡುಕಬೇಕು. ಸದ್ದೇ ಇಲ್ಲವೆ? ಮೊದಲು ಫ್ಯೂಸ್, ಆಮೇಲೆ ವಾಲ್ವಿನೊಳಗೆ ಕೆಂಪು ಬೆಳಕು ಇದೆಯೇ ಎಂದು ನೋಡಬೇಕು. ಗುಂಡಿ ತಿರುಗಿಸಿದಾಗ ಕರಕರ ಸದ್ದೆ? ಅದರೊಳಗೆ ಧೂಳು ಕೂತಿರಬಹುದು. ಎಡೆಬಿಡದ ಗುಂಯ್‌ಗುಡುವಿಕೆಯೆ? ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಕೆಪಾಸಿಟರುಗಳು ವಯಸ್ಸಾಗಿ ಒಣಗಿರಬಹುದು.

ಆದರೆ ಒಂದು ಮಾತು ನೆನಪಿರಲಿ. ಪ್ಲಗ್ ಕಿತ್ತ ಮೇಲೂ ಅದೇ ಕೆಪಾಸಿಟರುಗಳಲ್ಲಿ 400 ವೋಲ್ಟಿಗೂ ಹೆಚ್ಚಿನ ವಿದ್ಯುತ್ತು ಉಳಿದಿರಬಹುದು. ಅದು ಪ್ರಾಣ ತೆಗೆಯಬಲ್ಲದು. ಅನುಭವಿಗಳು ಅದನ್ನು ರೆಸಿಸ್ಟರಿನ ಮೂಲಕ ಹರಿಯಬಿಟ್ಟು, ಮೀಟರಿನಲ್ಲಿ ಅಳೆದು ನೋಡಿದ ಮೇಲೆಯೇ ಒಳಗೆ ಕೈಯಿಡುತ್ತಾರೆ. ಅರ್ತ್ ಇಲ್ಲದ ಹಳೆಯ ಎರಡು ಪಿನ್ನಿನ ವಯರನ್ನೂ ಬದಲಿಸುತ್ತಾರೆ. 120 ವೋಲ್ಟಿನ ಅಮೆರಿಕದ ಯಂತ್ರವನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಅದು ಸುಟ್ಟೇ ಹೋಗುತ್ತದೆ. ವಿದ್ಯಾರ್ಥಿಗಳು ತಿಳಿದವರ ಜೊತೆಯಿಲ್ಲದೆ ಪೆಟ್ಟಿಗೆ ಬಿಚ್ಚಬಾರದು.

ಅರವತ್ತು ವರ್ಷದ ಯಂತ್ರ ಇನ್ನೂ ನುಡಿಯುತ್ತಿದೆಯೆಂದರೆ ಅದು ಕೆಡದೆ ಇದ್ದದ್ದರಿಂದಲ್ಲ. ಕೆಟ್ಟಾಗ ಸರಿಪಡಿಸಲು ಬರುವಂತೆ ಕಟ್ಟಿದ್ದರಿಂದ. ನಾಳೆ ನೀವೂ ಏನಾದರೊಂದನ್ನು ತಯಾರಿಸುವಾಗ, ಮುಂದೆ ಅದನ್ನು ಬಿಚ್ಚಲಿರುವ ಕೈಗಳನ್ನು ನೆನೆಯಿರಿ.